ಮೈಕ್ರೋವೇವ್‌ನಿಂದ ಬೆಳಕಿಗೆ: ಕ್ವಾಂಟಂ ಜಾಲದ ದುಭಾಷಿ

ದೂರದೂರದ ಕ್ವಾಂಟಂ ಗಣಕಯಂತ್ರಗಳನ್ನು ಒಂದೇ ಜಾಲಕ್ಕೆ ಜೋಡಿಸಬೇಕಾದರೆ, ಮೈಕ್ರೋವೇವ್ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ಮರಳಿ ಮೈಕ್ರೋವೇವ್ ಆಗಿಯೂ ಮಾರ್ಪಡಿಸುವ ಸಾಧನವೊಂದು ಅವಶ್ಯಕ. ಇದನ್ನು ಕ್ವಾಂಟಂ ಪರಿವರ್ತಕ ಎನ್ನುತ್ತಾರೆ.

ಏಕೆ ಬೇಕು?

ಅತಿವಾಹಕ ಮಂಡಲಗಳಿಂದ ರಚಿತವಾದ ಕ್ಯೂಬಿಟ್‌ಗಳು ಸುಮಾರು 5 ಗಿಗಾಹರ್ಟ್ಸ್ ಆವೃತ್ತಿಯಲ್ಲಿ, ನಿರಪೇಕ್ಷ ಶೂನ್ಯಕ್ಕಿಂತ ಸುಮಾರು 0.01 ಡಿಗ್ರಿಯಷ್ಟೇ ಮೇಲಿನ ಶೈತ್ಯದಲ್ಲಿ ಕೆಲಸ ಮಾಡುತ್ತವೆ. ಅವುಗಳ ಸಂದೇಶವನ್ನು ಒಂದೇ ಒಂದು ಫೋಟಾನ್ ಹೊತ್ತೊಯ್ಯಬಲ್ಲದು. ಆದರೆ ಸಾಮಾನ್ಯ ಕೊಠಡಿಯ ಉಷ್ಣತೆಯಲ್ಲಿ ಇದೇ ಆವೃತ್ತಿಯ ಸಾವಿರಕ್ಕೂ ಹೆಚ್ಚು ಫೋಟಾನ್‌ಗಳು ಶಾಖದಿಂದಲೇ ಹುಟ್ಟಿ ತಂತಿಯಲ್ಲಿ ತುಂಬಿರುತ್ತವೆ; ಸಂದೇಶವು ಸಂತೆಯೊಳಗಿನ ಪಿಸುಮಾತಾಗುತ್ತದೆ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಜ್ಞಾನಿಗಳು 30 ಮೀಟರ್ ಉದ್ದದ ಶೀತಲ ಕೊಳವೆಯ ಮೂಲಕ ಎರಡು ಕ್ಯೂಬಿಟ್‌ಗಳನ್ನು ಬೆಸೆದ ಪ್ರಯೋಗವು 2023ರಲ್ಲಿ ಪ್ರಕಟವಾಯಿತು. ನಗರದಿಂದ ನಗರಕ್ಕೆ ಇಂತಹ ಕೊಳವೆಯನ್ನು ಹಾಕುವುದು ಕಾರ್ಯಸಾಧ್ಯವಲ್ಲ.

ಬೆಳಕಿಗೆ ಈ ತೊಡಕಿಲ್ಲ. ದೂರಸಂಪರ್ಕದಲ್ಲಿ ಬಳಸುವ 1550 ನ್ಯಾನೋಮೀಟರ್ ತರಂಗದೂರದ ಬೆಳಕಿಗೆ ಕೊಠಡಿಯ ಶಾಖ ಅಡ್ಡಿಯಾಗದು. ಉತ್ತಮ ಗಾಜಿನೆಳೆಯಲ್ಲಿ 15 ಕಿಲೋಮೀಟರ್ ಸಾಗಿದ ಬಳಿಕವೂ ಅದರ ಅರ್ಧದಷ್ಟು ಉಳಿದಿರುತ್ತದೆ.

ತೊಡಕು ಎಲ್ಲಿದೆ?

ಎರಡರ ಆವೃತ್ತಿಗಳ ನಡುವೆ ಸುಮಾರು 40,000 ಪಟ್ಟು ಅಂತರವಿದೆ. ಸಾಮಾನ್ಯ ದೂರವಾಣಿ ಜಾಲದಲ್ಲಿ ಸಂಕೇತವನ್ನು ಅಳೆದು, ವರ್ಧಿಸಿ, ಮತ್ತೆ ಕಳುಹಿಸಬಹುದು. ಅಪರಿಚಿತ ಕ್ವಾಂಟಂ ಸ್ಥಿತಿಯನ್ನು ಯಥಾವತ್ತಾಗಿ ನಕಲು ಮಾಡಲಾಗದೆಂದು 1982ರಲ್ಲಿ ವೂಟರ್ಸ್ ಮತ್ತು ಜುರೆಕ್ ಸಾಧಿಸಿ ತೋರಿಸಿದರು. ಆದ್ದರಿಂದ ಅಳೆಯದೆಯೇ ಪರಿವರ್ತಿಸಬೇಕು.

ವಿಧಾನಗಳು

ಒಂದು ವಿಧಾನದಲ್ಲಿ ಅತಿ ತೆಳುವಾದ ಪೊರೆಯೊಂದರ ಕಂಪನವು ಎರಡೂ ಬಗೆಯ ತರಂಗಗಳ ನಡುವೆ ಮಧ್ಯವರ್ತಿಯಾಗುತ್ತದೆ. ಮತ್ತೊಂದರಲ್ಲಿ ಲಿಥಿಯಂ ನಿಯೋಬೇಟ್ ಹರಳಿನೊಳಗೆ ಮೈಕ್ರೋವೇವ್ ಕ್ಷೇತ್ರವು ಬೆಳಕಿನ ಆವೃತ್ತಿಯನ್ನು ನೇರವಾಗಿ ಬದಲಿಸುತ್ತದೆ. ಕೊರತೆಯಾಗುವ ಶಕ್ತಿಯನ್ನು ಲೇಸರ್ ಒದಗಿಸುತ್ತದೆ. ಆದರೆ ಅದೇ ಲೇಸರ್ ಶೈತ್ಯಯಂತ್ರದೊಳಗೆ ಶಾಖವನ್ನು ಹೆಚ್ಚಿಸಿ, ಅತಿವಾಹಕ ಗುಣವನ್ನೇ ಕೆಡಿಸಬಲ್ಲದು.

ಸಾಧನೆ

ಅಮೆರಿಕದ ಬೌಲ್ಡರ್‌ನ ಜಿಲಾ ಸಂಸ್ಥೆಯಲ್ಲಿ ಪೊರೆಯ ವಿಧಾನದಿಂದ 2014ರಲ್ಲಿ ಸುಮಾರು ಶೇ. 10ರಷ್ಟು, 2018ರಲ್ಲಿ ಶೇ. 47ರಷ್ಟು ದಕ್ಷತೆ ಲಭಿಸಿತು. ಆದರೆ ಎರಡನೆಯ ಪ್ರಯೋಗದಲ್ಲಿ ಸಂಕೇತದೊಡನೆ 38 ಫೋಟಾನ್‌ಗಳಷ್ಟು ಗದ್ದಲವೂ ಸೇರಿತ್ತು. 2020ರಲ್ಲಿ ಕ್ಯಾಲ್‌ಟೆಕ್ ತಂಡವು ಅತಿವಾಹಕ ಕ್ಯೂಬಿಟ್‌ನ ಸಂಕೇತವನ್ನು ಬೆಳಕಿನ ಫೋಟಾನ್ ಆಗಿ ಹೊರತಂದಿತು. ದಕ್ಷತೆ ಮಾತ್ರ ಅತ್ಯಲ್ಪ. ಆಸ್ಟ್ರಿಯಾದ ವಿಜ್ಞಾನ-ತಂತ್ರಜ್ಞಾನ ಸಂಸ್ಥೆಯ ತಂಡವು ಮೈಕ್ರೋವೇವ್ ಮತ್ತು ಬೆಳಕನ್ನು ಒಂದೇ ಕ್ವಾಂಟಂ ಸ್ಥಿತಿಯಲ್ಲಿ ಹೆಣೆದುದನ್ನು 2023ರಲ್ಲಿ ವರದಿ ಮಾಡಿತು.

ಅಳತೆಗೋಲು

ನೇರ ಪರಿವರ್ತನೆಗೆ ದಕ್ಷತೆ ಅರ್ಧವನ್ನು ಮೀರಬೇಕು, ಸೇರುವ ಗದ್ದಲ ಒಂದು ಫೋಟಾನಿಗಿಂತ ಬಹಳ ಕಡಿಮೆಯಿರಬೇಕು. ಎರಡೂ ಒಂದೇ ಸಾಧನದಲ್ಲಿ ಕೂಡಿಬರಬೇಕಾದುದೇ ಕಠಿಣ. ಹೀಗಾಗಿ ಹೊಸ ಪರಿವರ್ತಕದ ಸುದ್ದಿ ಬಂದಾಗ ದಕ್ಷತೆಯ ಅಂಕಿಯೊಂದನ್ನೇ ನೋಡಿದರೆ ಸಾಲದು. ಪಕ್ಕದಲ್ಲಿ ಗದ್ದಲದ ಅಂಕಿಯನ್ನೂ ಇರಿಸಿ ನೋಡಬೇಕು.