ಎಲೀಯನ ರೊಟ್ಟಿ, ಮನಸ್ಸಿನ ಮದ್ದು

ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಗಳಲ್ಲಿ ಮಳೆಯ ಲೆಕ್ಕವೇ ಬದುಕಿನ ಲೆಕ್ಕ. ಮುಂಗಾರಿನ ಹೆಸರು, ಹಿಂಗಾರಿನ ಕಡಲೆ ಕೈಕೊಟ್ಟ ವರ್ಷ ಸಾಲವು ಮನೆಯೊಳಗೆ ಬಂದು ಕೂರುತ್ತದೆ. ಆದರೆ ಬೆಳೆ ಚೆನ್ನಾಗಿ ಬಂದ ವರ್ಷದಲ್ಲೂ ಊಟ ಬಿಟ್ಟು, ನಿದ್ದೆಗೆಟ್ಟು, ಮೂಲೆ ಹಿಡಿಯುವವರಿದ್ದಾರೆ. ಅಂಥವರನ್ನು ಕಂಡು 'ಮನಸ್ಸಿಗೆ ಹಚ್ಚಿಕೊಂಡಾನ' ಎನ್ನುತ್ತಾರೆ ಕೆಲವರು. 'ಗಾಳಿ ಸೋಕೇತಿ' ಎನ್ನುತ್ತಾರೆ ಇನ್ನು ಕೆಲವರು. ಕ್ರೈಸ್ತರಾದ ನಾವು 'ವಿಶ್ವಾಸ ಸಾಲದು' ಎಂದುಬಿಡುತ್ತೇವೆ. ಈ ಮಾತುಗಳ ನಡುವೆ ಖಿನ್ನತೆ ಎಂಬ ಕಾಯಿಲೆಯ ಹೆಸರೇ ಕಳೆದುಹೋಗುತ್ತದೆ. ಅದಕ್ಕೆ ಮದ್ದುಂಟೇ? ಆ ಮದ್ದು ನಮ್ಮನ್ನು ಎಲ್ಲಿಯವರೆಗೆ ಕೊಂಡೊಯ್ದೀತು? ಚರಿತ್ರೆಯ ಬೆಳಕಿನಲ್ಲಿ ನೋಡೋಣ.

ಈ ಸೀಮೆ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಧಾರವಾಡದಲ್ಲಿ 1845ರಲ್ಲಿ ಬ್ರಿಟಿಷರ ಆಡಳಿತ ತೆರೆದ ಹುಚ್ಚಾಸ್ಪತ್ರೆಯೇ ಇಂದಿನ ಡಿಮ್ಹಾನ್ಸ್ ಸಂಸ್ಥೆಯ ಮೂಲ. ಆ ಕಾಲದ ಆಸ್ಪತ್ರೆಗಳು ರೋಗಿಗೆ ನೆರಳು ಕೊಡಬಲ್ಲವಾಗಿದ್ದವು, ಕೂಡಿಹಾಕಬಲ್ಲವಾಗಿದ್ದವು. ಖಿನ್ನತೆಯನ್ನು ನೀಗುವ ಗುಳಿಗೆ ಜಗತ್ತಿನಲ್ಲೇ ಇರಲಿಲ್ಲ. 1952ರ ಸುಮಾರಿಗೆ ಅಮೆರಿಕದಲ್ಲಿ ಕ್ಷಯರೋಗಿಗಳಿಗೆ ಕೊಟ್ಟ ಇಪ್ರೋನಿಯಜಿಡ್ ಎಂಬ ಔಷಧವು ಅವರ ಮನಸ್ಸನ್ನೂ ಅರಳಿಸಿದ್ದನ್ನು ವೈದ್ಯರು ಗಮನಿಸಿದರು. 1957ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ಅವರು ಇಮಿಪ್ರಮಿನ್ ಔಷಧದ ಗುಣವನ್ನು ಪ್ರಕಟಿಸಿದರು. 1987ರಲ್ಲಿ ಅಮೆರಿಕದಲ್ಲಿ ಫ್ಲೂಯಾಕ್ಸೆಟಿನ್‌ಗೆ ಒಪ್ಪಿಗೆ ದೊರೆಯಿತು.

ಮದ್ದು ಹುಟ್ಟಿದರೆ ಸಾಲದು, ಹಳ್ಳಿಗೆ ಬರಬೇಕು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ, ಮನೋರೋಗಕ್ಕೆ ಊರಿನ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿಯೇ ಮಾದರಿ.

ಪ್ರಿಯ ಓದುಗರೇ, ಈ ಮದ್ದಿನ ಬಲವನ್ನು ಅರಿಯಿರಿ, ಮಿತಿಯನ್ನೂ ಅರಿಯಿರಿ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯು 522 ಪ್ರಯೋಗಗಳನ್ನು ಕೂಡಿಸಿ ನೋಡಿ, 21 ಔಷಧಗಳೂ ಬರಿಯ ತೋರಿಕೆಯ ಗುಳಿಗೆಗಿಂತ ಮೇಲೆಂದು ಕಂಡಿತು. ಆದರೆ ಆ ಅಂತರ ಬಹುಪಾಲು ಸಾಧಾರಣವಾದುದೆಂದೂ ಹೇಳಿತು. ತೀವ್ರ ಖಿನ್ನತೆಯಲ್ಲಿ ಮದ್ದು ಜೀವ ಉಳಿಸಬಲ್ಲದು. ಸೌಮ್ಯವಾದುದಕ್ಕೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಗುಣ ಕಾಣಲು ಕೆಲವು ವಾರಗಳು ಬೇಕು. ಮೊದಲಿಗೆ ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು ಉಂಟು. ಎಳೆಯರಲ್ಲಿ ಆರಂಭದ ವಾರಗಳಲ್ಲಿ ಸಾವಿನ ಆಲೋಚನೆ ಹೆಚ್ಚುವ ಸಂಭವವಿರುವುದರಿಂದ ಮನೆಯವರ ಕಣ್ಣು ಅವರ ಮೇಲಿರಬೇಕು. ಹೊಲದ ಕೀಟನಾಶಕ ಬೀಗದೊಳಗಿರಬೇಕು. ಹಗುರವಾಯಿತೆಂದು ವೈದ್ಯರನ್ನು ಕೇಳದೆ ಗುಳಿಗೆ ಬಿಟ್ಟರೆ ತಲೆಸುತ್ತು, ತಳಮಳ ಬರಬಹುದು, ಕಾಯಿಲೆಯೂ ಮರುಕಳಿಸಬಹುದು.

ಇನ್ನೊಂದು ಮಿತಿಯನ್ನು ನಮ್ಮ ನೆಲವೇ ಕಲಿಸಿದೆ. 1980ರ ಜುಲೈಯಲ್ಲಿ ನರಗುಂದದ ರೈತರು ಬೀದಿಗಿಳಿದದ್ದು ಮಲಪ್ರಭಾ ನೀರಾವರಿಯ ಕರಭಾರದ ವಿರುದ್ಧ. 2015ರಲ್ಲಿ ಮತ್ತೆ ಧರಣಿ ಕುಳಿತದ್ದು ಮಹದಾಯಿಯ ನೀರಿಗಾಗಿ. ಗುಳಿಗೆ ಸಾಲ ತೀರಿಸದು, ಕಾಲುವೆಗೆ ನೀರು ತರದು. ನ್ಯಾಯ ಬೇಕಾದಲ್ಲಿ ಮಾತ್ರೆಯನ್ನಷ್ಟೇ ಕೊಟ್ಟು ಕೈತೊಳೆಯುವುದು ಸಲ್ಲದು; ಮಾತ್ರೆ ಬೇಕಾದವನಿಗೆ 'ನಿನ್ನ ಕಷ್ಟಕ್ಕೆ ಮಳೆಯೇ ಮದ್ದು' ಎಂದು ಅದನ್ನು ತಪ್ಪಿಸುವುದೂ ಸಲ್ಲದು.

ಧರ್ಮಸಭೆಯೂ ಈ ದಾರಿಯಲ್ಲಿ ನಡೆದುಬಂದಿದೆ. ತಿಳಿದು ಆತ್ಮಹತ್ಯೆ ಮಾಡಿಕೊಂಡವರಿಗೆ 1917ರ ಕಾನೂನು ಸಂಹಿತೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಯಮವಿಲ್ಲ. ತೀವ್ರ ಮನೋವೇದನೆಯು ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲದೆಂದು 1992ರ ಧರ್ಮೋಪದೇಶ ಗ್ರಂಥ ಒಪ್ಪುತ್ತದೆ. 2003ರ ನವೆಂಬರಿನಲ್ಲಿ ವ್ಯಾಟಿಕನ್ ಖಿನ್ನತೆಯ ಕುರಿತೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಸಂತ ಎರಡನೇ ಜಾನ್ ಪಾಲರು ಅದನ್ನುದ್ದೇಶಿಸಿ ಮಾತನಾಡಿದರು.

ಅರಸುಗಳ ಮೊದಲನೆಯ ಗ್ರಂಥದಲ್ಲಿ ಎಲೀಯನು ಮರುಭೂಮಿಯ ಗಿಡದಡಿ ಕುಳಿತು ಸಾವನ್ನು ಬೇಡಿದನು. ದೇವದೂತನು ಅವನನ್ನು ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟನು, ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಆ ರೊಟ್ಟಿಯು ಹೋರೇಬಿಗೆ ತಾನೇ ಹೊತ್ತೊಯ್ಯಲಿಲ್ಲ. ನಲವತ್ತು ದಿನ ನಡೆಯುವ ಬಲವನ್ನಿತ್ತಿತು. ಮುಂದೆ ದೇವರು ಅವನಿಗೆ ಎಲೀಷನನ್ನು ಸಂಗಾತಿಯಾಗಿ ಕೊಟ್ಟರು. ಮದ್ದು ಆ ರೊಟ್ಟಿಯಂಥದು. ಅದನ್ನು ತಿನ್ನಲು ನಾಚಬೇಡಿ. ತಿಂದವನ ಜೊತೆ ನಡೆಯುವ ಎಲೀಷರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆಯೇ ಎಂದು ಮಾತ್ರ ನಾವು ಕೇಳಿಕೊಳ್ಳಬೇಕು.