ನುಡಿ ಫೈಲು ತೆರೆದಾಗ

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯ ಹಿರಿಯರೊಬ್ಬರು ಮೊನ್ನೆ ಫೋನ್ ಮಾಡಿ, ಊರಿನ ಕುಡಿಯುವ ನೀರಿನ ಬಗ್ಗೆ ಹಿಂದೆ ನಾವು ಬರೆದಿದ್ದ ವರದಿ ಬೇಕಿತ್ತು ಎಂದರು. ತಾಲ್ಲೂಕು ಕಚೇರಿಗೆ ಅರ್ಜಿ ಕೊಡುವಾಗ ಲಗತ್ತಿಸಬೇಕಂತೆ. ಪತ್ರಿಕೆಯ ಕಟಿಂಗಿಗೆ ಗೆದ್ದಲು ಹಿಡಿದಿತ್ತು. ಮೂಲ ಫೈಲು ಹಳೇ ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು. ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ! ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತ ಎ ಸಾಲಾಗಿ ನಿಂತಿದ್ದವು.

ಇದರ ಬೇರು ಹಿಂದಿದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ‘ನುಡಿ’ ರೂಪಿಸಿತು, ಸರ್ಕಾರಿ ಕಚೇರಿಗಳಲ್ಲಿ ಅದೇ ನೆಲೆಯೂರಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬೆರಳಿಗೆ ಕೂತಿತು. ಆದರೆ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟ್ ಇದ್ದರಷ್ಟೇ ಕನ್ನಡ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟ್ ಹೊತ್ತು ಬಂತು. ಆದರೂ ಡಿಟಿಪಿ ಅಂಗಡಿಗಳು ಹಳೆಯದನ್ನು ಬಿಡಲಿಲ್ಲ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಒಗ್ಗದು, ಹಾಗಾಗಿ ಅವರನ್ನು ದೂರುವಂತೆಯೂ ಇಲ್ಲ.

ಲಿನಕ್ಸ್ ಲೋಕದಲ್ಲಿ ಇಂಥ ಬದಲಾವಣೆಗೆ ಒಂದು ಕ್ರಮವಿದೆ. ಡೆಬಿಯನ್‌ನಲ್ಲಿ ‘ಟಿಟಿಎಫ್-ಕನ್ನಡ-ಫಾಂಟ್ಸ್’ ಎಂಬ ಪ್ಯಾಕೇಜಿನ ಹೆಸರು ‘ಫಾಂಟ್ಸ್-ಕೆಎನ್‌ಡಿಎ’ ಆದಾಗ, ಹಳೇ ಹೆಸರಿನಲ್ಲಿ ಖಾಲಿ ಪ್ಯಾಕೇಜೊಂದನ್ನು ಉಳಿಸಿದರು. ಅದರ ಕೆಲಸ ಹೊಸದನ್ನು ಎಳೆದು ತರುವುದಷ್ಟೇ. ಮನೆ ಬದಲಿಸಿದವರು ಹಳೇ ಬಾಗಿಲಿಗೆ ಹೊಸ ವಿಳಾಸ ಅಂಟಿಸಿ ಹೋದ ಹಾಗೆ. ಫೆಡೋರಾದ ಆರ್‌ಪಿಎಂನಲ್ಲಿ, ಯಾವ ಹಳೆಯದನ್ನು ತಾನು ತೆಗೆಯುತ್ತೇನೆ ಎಂದು ಹೊಸ ಪ್ಯಾಕೇಜೇ ಬರೆದುಕೊಂಡಿರುತ್ತದೆ. ವಾರಸುದಾರರಿಲ್ಲದ ಪ್ಯಾಕೇಜುಗಳನ್ನು ಕಳಚಲೆಂದೇ ಇನ್ನೊಂದು ಪ್ಯಾಕೇಜಿದೆ. ಬಳಸುವವನು ಅಪ್‌ಡೇಟ್ ಎಂದರೆ ಸಾಕು.

ಆದರೆ ಅದು ಫಾಂಟನ್ನು ಬದಲಿಸುತ್ತದೆ, ನಾವು ಬರೆದಿಟ್ಟದ್ದನ್ನಲ್ಲ. ಆ ಭಾರ ಪರಿವರ್ತಕಗಳ ಮೇಲೆ ಬಿತ್ತು. ಅದು ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸವಲ್ಲ. ‘ಕರ್ನಾಟಕ’ದ ಅರ್ಕಾವತ್ತು ನುಡಿಯಲ್ಲಿ ‘ನಾ’ದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ನಡುವೆ ಇಂಗ್ಲಿಷ್ ಪದವಿದ್ದರಂತೂ ಮುಗೀತು: ಫಾಂಟಿನ ಗುರುತು ಕಳೆದುಹೋದ ಫೈಲಿನಲ್ಲಿ ಯಾವುದು ಇಂಗ್ಲಿಷ್, ಯಾವುದು ಕನ್ನಡ ಎಂದು ಯಂತ್ರಕ್ಕೆ ತಿಳಿಯದು.

ದುಬಲಗುಂಡಿಯ ವರದಿಯಲ್ಲಿ ಬೋರ್‌ವೆಲ್ ಪಂಪಿನ ಎಚ್‌ಪಿಯನ್ನು ನಾವು ಇಂಗ್ಲಿಷಿನಲ್ಲೇ ಬರೆದಿದ್ದೆವು. ಪರಿವರ್ತಕ ಅದನ್ನೂ ಕನ್ನಡ ಮಾಡಲು ಹೋಗಿ ಕೆಡಿಸಿತ್ತು. ಸಾಲು ಸಾಲು ಓದಿ ತಿದ್ದಲು ಸಂಜೆಯಾಯಿತು. ಪ್ರಿಂಟ್ ತೆಗೆದು ಮರುದಿನ ಬಸ್ಸಿಗೆ ಕೊಟ್ಟೆವು. ಇನ್ನೂ ನಾಲ್ಕು ಸಿಡಿ ವರದಿಗಳಿವೆ. ನಮ್ಮ ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಇಲ್ಲ.