ಮುಳ್ಳೂರಿನ ನಾಗಬಾವಿಯೂ ನಮ್ಮ ಪೇಟೆಯ ಅಂಗಡಿಯೂ

ಉತ್ತರ ಕೊಡಗಿನ ಶನಿವಾರಸಂತೆಗೆ ಸಮೀಪವಿರುವ ಮುಳ್ಳೂರಿನ ಬಸದಿಗಳನ್ನು ನಮ್ಮ ಸಮಾಜಬಾಂಧವರಲ್ಲಿ ಹಲವರು ದರ್ಶಿಸಿರಬಹುದು. ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಸ್ವಾಮಿಗಳ ಈ ಮೂರು ಬಸದಿಗಳು ಇಂದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿಗೆ ಹೋಗಿಬಂದವರು ಸಾಮಾನ್ಯವಾಗಿ ಕೊಂಗಾಳ್ವ ಅರಸರ ಹೆಸರನ್ನು ಕೇಳಿಬರುತ್ತಾರೆ. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿಯು 1058ರಲ್ಲಿ ಪಾರ್ಶ್ವನಾಥ ಬಸದಿಯನ್ನು ಮಾಡಿಸಿದುದು, ಆಕೆಯ ಗುರುಗಳಾದ ದ್ರವಿಳ ಗಣದ ಗುಣಸೇನ ಪಂಡಿತರು 1064ರಲ್ಲಿ ಮುಡಿಪಿದುದು, ಇವೆಲ್ಲ ಪ್ರಸಿದ್ಧ ಸಂಗತಿಗಳೇ. ಆದರೆ ವೃತ್ತಿಯಿಂದ ವರ್ತಕನಾದ ನನ್ನನ್ನು ಹಿಡಿದು ನಿಲ್ಲಿಸಿದುದು ಅರಸುಮನೆತನದ ದಾನಶಾಸನವಲ್ಲ, ಒಂದು ಬಾವಿಯ ಶಾಸನ. ಲೂಯಿ ರೈಸ್ ಅವರು 1886ರಲ್ಲಿ ಪ್ರಕಟಿಸಿದ ಕೊಡಗಿನ ಶಾಸನಗಳ ಸಂಪುಟದಿಂದ ಮೊದಲ್ಗೊಂಡು ನಮ್ಮ ಇತಿಹಾಸಕಾರರು ಅದನ್ನು ಉಲ್ಲೇಖಿಸುತ್ತ ಬಂದಿದ್ದಾರೆ. ಇದೇ ಗುಣಸೇನ ಪಂಡಿತರು ಮುಳ್ಳೂರಿನಲ್ಲಿ ನಾಗಬಾವಿಯೊಂದನ್ನು ತೋಡಿಸಿದರು; ಶಾಸನವು ಅದನ್ನು ‘ನಕರಧರ್ಮ’ವೆಂದು ಕರೆಯುತ್ತದೆ.

ನಕರವೆಂದರೆ ನಗರ, ನಗರದ ವರ್ತಕಸಮೂಹವೂ ಹೌದು. ನಿರ್ಗ್ರಂಥ ಪರಂಪರೆಯ ಗುರುಗಳೊಬ್ಬರು ಒಂದು ಪುಣ್ಯಕಾರ್ಯವನ್ನು ಕೈಗೊಂಡಾಗ ಅದು ಅರಸನ ಹೆಸರಿನಲ್ಲಿ ನಿಲ್ಲದೆ, ಅಂಗಡಿಯಿಟ್ಟು ಬಾಳುವವರ ಸಮೂಹದ ಧರ್ಮವೆಂದು ನಿಂತಿತು. ಆ ನೀರನ್ನು ಶ್ರಾವಕರಷ್ಟೇ ಕುಡಿಯಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಂತೆಗೆ ಬಂದವರು, ಹೇರೆತ್ತಿನ ಹಿಂದೆ ನಡೆದವರು, ಎತ್ತುಗಳು, ಎಲ್ಲಕ್ಕೂ ಅದೇ ಬಾವಿ. ಊರಿಗೆ ನೀರು, ಊರಿನಿಂದ ವ್ಯಾಪಾರ, ವ್ಯಾಪಾರದಿಂದ ಬಸದಿಯ ದೀಪ. ಈ ಸರಪಣಿಯಲ್ಲಿ ನಡುವಿನ ಕೊಂಡಿ ಕಳಚಿದರೆ ಏನಾಗುತ್ತದೆಂಬುದೇ ಇಂದು ನಾನು ಬಾಂಧವರ ಮುಂದಿಡಲಿರುವ ಪ್ರಶ್ನೆ.

ಕೊಡಗಿನಲ್ಲಿ ಜಿನಧರ್ಮದ ಬೇರು ಇನ್ನೂ ಹಳೆಯದು. 888ರ ಬಿಳಿಯೂರು ಶಾಸನದಲ್ಲಿ ಗಂಗರ ಸತ್ಯವಾಕ್ಯ ಪೆರ್ಮಾನಡಿಯು ಸತ್ಯವಾಕ್ಯ ಜಿನಾಲಯಕ್ಕೆ ಬಿಟ್ಟ ಭೂಮಿಯ ಉಲ್ಲೇಖವಿದೆ; 977ರ ಪೆಗ್ಗೂರು ಶಾಸನದಲ್ಲಿ ಶ್ರೀಬೆಳ್ಗೊಳದ ಅನಂತವೀರ್ಯರಿಗೆ ಸಂದ ದಾನವಿದೆ. ಇವು ಅರಸರು ಕೊಟ್ಟ ಭೂಮಿ. ಅರಸರು ಹೋದರು, ಭೂಮಿಯೂ ಕೈಬದಲಾಯಿಸಿತು. ಕೊಂಗಾಳ್ವರ ನಂತರ ಚಂಗಾಳ್ವರು, ಆಮೇಲೆ ಹಾಲೇರಿ ವಂಶದವರು, 1834ರಿಂದ ಆಂಗ್ಲರು. ಆದರೆ ವರ್ತಕರ ಆಶ್ರಯವಿದ್ದ ಕಡೆ ಬಸದಿಗಳು ಹೇಗೆ ಉಳಿದುವೆಂಬುದನ್ನು ಶ್ರವಣಬೆಳಗೊಳದಲ್ಲಿ ಕಾಣಬಹುದು. ಇಮ್ಮಡಿ ಬಲ್ಲಾಳನ ಮಂತ್ರಿ ನಾಗದೇವನು 12ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಗರ ಜಿನಾಲಯಕ್ಕೆ ಅಲ್ಲಿಯ ವರ್ತಕರೇ ರಕ್ಷಕರಾಗಿದ್ದರು. ಸುಮಾರು ನೂರು ವರ್ಷಗಳ ತರುವಾಯ ಬೆಳಗೊಳ ಮತ್ತು ಜಿನನಾಥಪುರದ ಮಾಣಿಕ್ಯ ನಕರದವರು ತಮ್ಮತಮ್ಮೊಳಗೆ ಒಡಂಬಟ್ಟು, ಅದರ ಜೀರ್ಣೋದ್ಧಾರಕ್ಕಾಗಿ ನೂರಕ್ಕೊಂದರಂತೆ ಕೊಡುವೆವೆಂದು ಕಲ್ಲಿನಲ್ಲಿ ಬರೆಯಿಸಿದರು. ಲೆಕ್ಕ ಮುಚ್ಚಿಟ್ಟವನು ದೇವದ್ರೋಹಿ, ರಾಜದ್ರೋಹಿ, ಸಮಯದ್ರೋಹಿಯೆಂದು ತಮಗೆ ತಾವೇ ಶಾಪವನ್ನೂ ಹಾಕಿಕೊಂಡರು. ಹೊಂಬುಜದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯು 1062ರ ವೇಳೆಗೆ ಜಿನಾಲಯವನ್ನು ಕಟ್ಟಿಸಿದಂತೆಯೇ ಕೆರೆಗಳನ್ನೂ ಕಟ್ಟಿಸಿದನು. ನಮ್ಮ ಪೂರ್ವಿಕ ವರ್ತಕರಿಗೆ ಬಸದಿಯ ಖಾತೆ ಬೇರೆ, ಊರಿನ ಖಾತೆ ಬೇರೆ ಎಂಬ ಭಾವನೆ ಇದ್ದಂತೆ ತೋರುವುದಿಲ್ಲ.

ಇನ್ನೊಂದು ಮಾತು. ಆ ಕಾಲದ ವರ್ತಕ ಸಂಘಗಳು ಒಂದೇ ಮತದವರ ಕೂಟಗಳಾಗಿರಲಿಲ್ಲ. ಅಯ್ಯಾವೊಳೆ ಐನೂರ್ವರಲ್ಲಿ ಜೈನರಿದ್ದರು, ಶೈವರಿದ್ದರು, ವೈಷ್ಣವರಿದ್ದರು. ಕೊಡಗಿನ ಪೇಟೆಗಳಿಗೂ ಈ ಗುಣವೇ ಬಂದಿದೆ. ದೊಡ್ಡವೀರರಾಜೇಂದ್ರನು 1792ರಲ್ಲಿ ವೀರರಾಜಪೇಟೆಯನ್ನು ಸ್ಥಾಪಿಸಿದಾಗ ಟೀಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತ ಕುಟುಂಬಗಳಿಗೆ ಅಲ್ಲಿ ನೆಲೆ ಕೊಟ್ಟನು. ಸೋಮವಾರಪೇಟೆ, ಶನಿವಾರಸಂತೆಗಳು ಸಂತೆಯ ವಾರವನ್ನೇ ಹೆಸರಾಗಿ ಹೊತ್ತ ಊರುಗಳು. ಇಲ್ಲಿ ಮಲಬಾರಿನ ಮಾಪಿಳ್ಳೆ ವ್ಯಾಪಾರಿ, ಕರಾವಳಿಯ ಕೊಂಕಣಿ ವ್ಯಾಪಾರಿ, ಲಿಂಗಾಯತ ಶೆಟ್ಟರು, ರಾಜಸ್ಥಾನದಿಂದ ಬಂದ ನಮ್ಮ ಶ್ವೇತಾಂಬರ ಬಂಧುಗಳು ಒಂದೇ ಬೀದಿಯಲ್ಲಿ ಅಂಗಡಿ ತೆರೆದರು. ಕೊಡಗಿನಲ್ಲಿ ನಾವು ಎಣಿಕೆಗೆ ಅತ್ಯಲ್ಪರು. ಆದುದರಿಂದ ಸ್ಥಳೀಯ ವ್ಯಾಪಾರವನ್ನು ಉಳಿಸಬೇಕೆಂದಾಗ ‘ನಮ್ಮವರ ಅಂಗಡಿ’ಯೆಂದು ಯಾರಾದರೂ ಅರ್ಥಮಾಡಿಕೊಂಡರೆ ಅದು ನಕರದ ಅರ್ಥವಲ್ಲ.

ಕೊಡಗಿನ ಅಂಗಡಿಯ ಸ್ವಭಾವವನ್ನು ಬಯಲುಸೀಮೆಯವರಿಗೆ ಸ್ವಲ್ಪ ವಿವರಿಸಬೇಕು. ಇಲ್ಲಿಯ ಹಣವು ಕಾಫಿಯೊಡನೆ ಬರುತ್ತದೆ. ಕೊಯ್ಲು ಚಳಿಗಾಲದಲ್ಲಿ, ಖರ್ಚು ವರ್ಷವಿಡೀ. 1942ರ ಕಾಫಿ ಕಾಯಿದೆಯ ಅನ್ವಯ ಬೆಳೆಗಾರನು ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಹಣವು ಕಂತುಕಂತಾಗಿ ಬರುತ್ತಿತ್ತು. ಒಂದು ಬೆಳೆಯ ಕೊನೆಯ ಕಂತು ಕೈಸೇರುವ ಮೊದಲೇ ಮುಂದಿನ ಬೆಳೆ ಗಿಡದಲ್ಲಿರುತ್ತಿತ್ತು. ಈ ನಡುವಿನ ತಿಂಗಳುಗಳನ್ನು ದಾಟಿಸಿದವರು ಯಾರು? ದೊಡ್ಡ ತೋಟಗಳಿಗೆ ಬ್ಯಾಂಕಿತ್ತು. ಐದಾರು ಎಕರೆಯವನಿಗೂ, ಲೈನ್‌ಮನೆಯ ಕೂಲಿಯವನಿಗೂ ಇದ್ದುದು ಪೇಟೆಯ ಅಂಗಡಿಯ ಉದ್ರಿ ಪುಸ್ತಕ. ಅಕ್ಕಿ, ಎಣ್ಣೆ, ಕಂಬಳಿ, ಮಕ್ಕಳ ಪಠ್ಯಪುಸ್ತಕ, ಕೆಲವೊಮ್ಮೆ ಆಸ್ಪತ್ರೆಗೆ ಹೋಗುವ ಬಸ್ಸಿನ ಹಣ ಕೂಡ ಆ ಪುಸ್ತಕದಲ್ಲಿ ಬರೆಯಲ್ಪಡುತ್ತಿತ್ತು.

ವಾಣಿಜ್ಯಶಾಸ್ತ್ರ ಓದಿದವನಾಗಿ ಹೇಳುವುದಾದರೆ, ಇದು ಯಾವ ಆಯವ್ಯಯ ಪಟ್ಟಿಯಲ್ಲಿಯೂ ಕಾಣದ ಬಂಡವಾಳ. ಅಂಗಡಿಯವನು ಸಗಟು ವ್ಯಾಪಾರಿಗೆ ಹದಿನೈದು ದಿನಗಳಲ್ಲಿ ಹಣ ಕಟ್ಟಬೇಕು. ಗಿರಾಕಿಯಿಂದ ಅವನಿಗೆ ಬರುವುದು ಆರು ತಿಂಗಳಿಗೆ. ಈ ಅಂತರವನ್ನು ತುಂಬುವುದು ಅವನ ಮನೆಯವರ ಚಿನ್ನ, ಮನೆಯವರ ಸಂಬಳವಿಲ್ಲದ ದುಡಿಮೆ. ಪೂಲ್ ವ್ಯವಸ್ಥೆ 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಎಲ್ಲರಿಗೂ ಮುಕ್ತ ಮಾರಾಟ ಬಂದಿತು. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಇಲ್ಲಿ ಬೆಲೆ ಮೇಲೇರಿದಾಗ ಕೊಡಗಿಗೆ ಹೊಸ ಜೀಪುಗಳು ಬಂದುವು. ಆ ವರ್ಷ ಉದ್ರಿ ಪುಸ್ತಕಗಳು ಸಂತೋಷದಿಂದ ಹೊಡೆದುಹಾಕಲ್ಪಟ್ಟುವು. 2000ದ ನಂತರ, ವಿಯೆಟ್ನಾಮಿನ ಕಾಫಿ ಜಗತ್ತಿನ ಮಾರುಕಟ್ಟೆಯನ್ನು ತುಂಬಿ ಬೆಲೆ ನೆಲಕಚ್ಚಿದಾಗ ಅವೇ ಪುಸ್ತಕಗಳು ಮತ್ತೆ ದಪ್ಪವಾದುವು. ವಸೂಲಿಯಾಗದೆ ಮುಚ್ಚಿದ ಅಂಗಡಿಗಳನ್ನು ನಾನು ಕಂಡಿದ್ದೇನೆ. ಕಡಿಮೆ ಬೆಲೆಗೆ ಮಾರುವ ದೊಡ್ಡ ಮಳಿಗೆಯಾಗಲಿ, ಮೊಬೈಲ್ ಫೋನಿನಲ್ಲಿ ಗುಂಡಿಯೊತ್ತಿದರೆ ಸಾಮಾನು ಕಳಿಸುವ ಸಂಸ್ಥೆಯಾಗಲಿ ಇಂತಹ ವರ್ಷದಲ್ಲಿ ಲೈನ್‌ಮನೆಯವರ ಹೆಸರಿನಲ್ಲಿ ಪುಟ ತೆರೆಯುವುದಿಲ್ಲ. ಅಗ್ಗದ ಬೆಲೆಯನ್ನು ಲೆಕ್ಕಹಾಕುವಾಗ ಈ ಪುಟದ ಬೆಲೆಯನ್ನೂ ಸೇರಿಸಬೇಕಲ್ಲವೇ?

ಹೀಗೆಂದ ಮಾತ್ರಕ್ಕೆ ಸಣ್ಣ ಅಂಗಡಿಯವನು ತಾನೇತಾನಾಗಿ ಸಜ್ಜನನೆಂದು ನಾನು ವಾದಿಸುತ್ತಿಲ್ಲ. ಆಚಾರ್ಯ ಉಮಾಸ್ವಾತಿಗಳು ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕೊಳ್ಳುವುದಕ್ಕೊಂದು ಮಾರುವುದಕ್ಕೊಂದು ಅಳತೆಯಿಡುವುದನ್ನೂ, ಕಲಬೆರಕೆಯ ವ್ಯವಹಾರವನ್ನೂ ಕಳವಿನ ಸಾಲಿನಲ್ಲಿಯೇ ಇರಿಸಿದರು. ತಕ್ಕಡಿಯ ಮುಂದೆ ಕುಳಿತವನನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು! ಸಮಂತಭದ್ರ ಸ್ವಾಮಿಗಳು ಪರಿಗ್ರಹಪರಿಮಾಣ ವ್ರತದಲ್ಲಿ ‘ಅತಿಸಂಗ್ರಹ’ವನ್ನು ದೋಷವೆಂದು ಎಣಿಸಿದ್ದಾರೆ: ಬೆಲೆ ಏರುವುದೆಂಬ ಆಸೆಯಿಂದ ಧಾನ್ಯಾದಿಗಳನ್ನು ಕೂಡಿಹಾಕುವುದು. ಈ ಪದವನ್ನು ನಾನು ಎಳೆಯ ವಯಸ್ಸಿನಿಂದಲೂ ಓದಿದ್ದೆ. ಅರ್ಥವಾದುದು 2018ರ ಆಗಸ್ಟ್ ತಿಂಗಳಿನಲ್ಲಿ.

ಆ ವರ್ಷ ಸ್ವಾತಂತ್ರ್ಯ ದಿನದ ಮರುದಿನಗಳಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಜರಿದು ಮಂಗಳೂರಿನ ರಸ್ತೆ ಕಡಿದುಹೋಯಿತು. ಲಾರಿಗಳು ನಿಂತುವು. ನನ್ನ ಅಂಗಡಿಯಲ್ಲಿ ಅಕ್ಕಿ, ಬೇಳೆ, ಮೇಣದಬತ್ತಿ ಸಾಕಷ್ಟಿದ್ದುವು. ಅರ್ಧದಷ್ಟನ್ನು ಒಳಗಿನ ಕೋಣೆಗೆ ಸಾಗಿಸಲು ಕೆಲಸದ ಹುಡುಗನಿಗೆ ಹೇಳಿದೆ. ಉದ್ರಿಯನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆಂದು ಹೊರಗೆ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದೆ. ಇದು ಜಾಗರೂಕತೆ, ಲೋಭವಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ತೋಟದ ಕೆಲಸದ ಹೆಣ್ಣುಮಗಳೊಬ್ಬಳು ಬಂದು ಹಲಗೆಯನ್ನು ನೋಡಿ, ಏನನ್ನೂ ಕೇಳದೆ ಹಿಂದಿರುಗಿದಳು. ಇದನ್ನು ಕಂಡ ನನ್ನ ಪತ್ನಿ, “ಹನ್ನೊಂದು ವರ್ಷ ಪ್ರತಿ ಸಂತೆಯ ದಿನ ತಪ್ಪದೆ ಬಾಕಿ ಕಟ್ಟಿದವಳು. ಅವಳ ಮುಖ ನೋಡಿ ಹಲಗೆ ತೋರಿಸಿದಿರಲ್ಲ?” ಎಂದಳು. ಅವಳೇ ಹೋಗಿ ಹಲಗೆಯನ್ನು ಒರೆಸಿದಳು. ಮುಂದಿನ ಕೊಯ್ಲಿನ ಹೊತ್ತಿಗೆ ಆ ತಿಂಗಳ ಬಾಕಿಗಳಲ್ಲಿ ಹೆಚ್ಚಿನವು ತೀರಿದುವು, ಎರಡು ತೀರಲಿಲ್ಲ. ಆ ಎರಡು ಮನೆಗಳವರು ಊರು ಬಿಟ್ಟಿದ್ದರು.

ನನ್ನ ತಪ್ಪನ್ನು ಮೊದಲು ಹೇಳಿಕೊಂಡುದರಿಂದ ಈಗ ನಮ್ಮ ಸಂಸ್ಥೆಗಳ ವಿಷಯವನ್ನು ಎತ್ತಬಹುದೆಂದು ಭಾವಿಸುತ್ತೇನೆ.

ಕರ್ನಾಟಕದ ಅನೇಕ ಊರುಗಳಲ್ಲಿ ನಮ್ಮ ಬಸದಿ, ದೇರಾಸರಗಳ ಟ್ರಸ್ಟುಗಳಿಗೆ ಅಂಗಡಿ ಸಾಲುಗಳಿವೆ. ಇವುಗಳ ಬಾಡಿಗೆಯಿಂದ ನಿತ್ಯಪೂಜೆ ನಡೆಯುತ್ತದೆ. ನಾನು ಬಲ್ಲ ಒಂದು ಟ್ರಸ್ಟು ಕೆಲವು ವರ್ಷಗಳ ಹಿಂದೆ ಹಳೆಯ ಕರಾರುಗಳನ್ನು ನವೀಕರಿಸದೆ ಮಳಿಗೆಗಳನ್ನು ಬಹಿರಂಗ ಹರಾಜಿಗಿಟ್ಟಿತು. ಬಾಡಿಗೆ ಇಮ್ಮಡಿಯಾಯಿತು, ವಾರ್ಷಿಕ ಸಭೆಯಲ್ಲಿ ಎಲ್ಲರೂ ಮೆಚ್ಚಿಕೊಂಡರು. ನಲವತ್ತು ವರ್ಷಗಳಿಂದ ಅಲ್ಲಿ ಪೂಜಾಸಾಮಗ್ರಿ ಮಾರುತ್ತಿದ್ದ ಕುಟುಂಬ ಹೊರಬಿದ್ದಿತು. ಹೆಚ್ಚು ಕೂಗಿದವನು ಎರಡನೆಯ ವರ್ಷವೇ ಬಾಡಿಗೆ ಬಾಕಿಯಿಟ್ಟು ಬೀಗ ಹಾಕಿ ನಡೆದನು. ಮಳಿಗೆ ಹದಿನಾಲ್ಕು ತಿಂಗಳು ಖಾಲಿ ಬಿದ್ದಿತ್ತು. ಈಗ ಆ ಬಸದಿಯವರು ಅಭಿಷೇಕದ ಗಂಧ, ಕೇಸರಿಗಳಿಗಾಗಿ ಬಾಡಿಗೆಯ ಕಾರಿನಲ್ಲಿ ಮೈಸೂರಿಗೆ ಹೋಗಿಬರುತ್ತಾರೆ.

ಟ್ರಸ್ಟಿಗಳ ಕಷ್ಟವೂ ಇದೆ. ದೇವರ ಸ್ವತ್ತಿಗೆ ತಕ್ಕ ಆದಾಯ ತರಬೇಕಾದುದು ಅವರ ಕರ್ತವ್ಯ. ದಾಕ್ಷಿಣ್ಯದಿಂದ ಮೂವತ್ತು ವರ್ಷದ ಹಿಂದಿನ ಬಾಡಿಗೆಯನ್ನೇ ಮುಂದುವರಿಸಿದರೆ ಅದೂ ದೇವದ್ರವ್ಯಕ್ಕೆ ದ್ರೋಹವೇ. ಒಳಬಾಡಿಗೆಗೆ ಕೊಟ್ಟು ಲಾಭ ತಿನ್ನುವ ಬಾಡಿಗೆದಾರರೂ ಇಲ್ಲದಿಲ್ಲ. ಆದರೆ ಹರಾಜಿಗೂ ದಾಕ್ಷಿಣ್ಯಕ್ಕೂ ನಡುವೆ ದಾರಿಯಿದೆ. ಮೂರು ವರ್ಷಕ್ಕೊಮ್ಮೆ ನಿಶ್ಚಿತ ಪ್ರಮಾಣದ ಏರಿಕೆ, ಸ್ವತಃ ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವವನಿಗೆ ನವೀಕರಣದಲ್ಲಿ ಮೊದಲ ಹಕ್ಕು, ಒಳಬಾಡಿಗೆ ಕಂಡುಬಂದರೆ ರದ್ದು. ಇಷ್ಟನ್ನು ಬರವಣಿಗೆಯಲ್ಲಿ ಇಟ್ಟರೆ ಎರಡೂ ಪಕ್ಷಗಳಿಗೆ ನೆಮ್ಮದಿ.

ಇದಕ್ಕಿಂತ ನನ್ನನ್ನು ಹೆಚ್ಚು ಬಾಧಿಸುವುದು ಬಿಲ್ಲುಗಳ ವಿಷಯ. ಪಂಚಕಲ್ಯಾಣವೋ, ವಾರ್ಷಿಕ ರಥೋತ್ಸವವೋ ಬಂದಾಗ ಅಕ್ಕಿ, ತುಪ್ಪ, ಹೂವು, ಶಾಮಿಯಾನ, ಆಮಂತ್ರಣ ಪತ್ರಿಕೆಯ ಮುದ್ರಣ ಎಲ್ಲವನ್ನೂ ಊರಿನವರು ಸಾಲವಾಗಿ ಒದಗಿಸುತ್ತಾರೆ. ದೇವರ ಕೆಲಸಕ್ಕೆ ಮುಂಗಡ ಕೇಳಲು ಅವರಿಗೆ ನಾಲಗೆ ಬರುವುದಿಲ್ಲ. ಉತ್ಸವ ಮುಗಿದ ಮೇಲೆ ಲೆಕ್ಕಪರಿಶೋಧನೆ, ಸಮಿತಿಯ ಸಭೆ, ಕಾರ್ಯದರ್ಶಿಯ ಪ್ರವಾಸ ಎಂದು ನಾಲ್ಕು ತಿಂಗಳು ಕಳೆಯುತ್ತದೆ. ಆ ನಾಲ್ಕು ತಿಂಗಳೂ ದಾನದ ಹಣ ಬ್ಯಾಂಕಿನಲ್ಲಿ ಬಡ್ಡಿ ದುಡಿಯುತ್ತಿರುತ್ತದೆ. ಆ ಬಡ್ಡಿ ಯಾರದು? ಹೂವಿನವನದು, ಮುದ್ರಕನದು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳಹೊರಟಾಗ ನ್ಯಾಯದಿಂದ ಗಳಿಸಿದ ಧನವನ್ನು ಎಲ್ಲಕ್ಕೂ ಮೊದಲಿಟ್ಟರು. ಅದು ಗೃಹಸ್ಥನಿಗೆ ಅನ್ವಯಿಸಿ ಟ್ರಸ್ಟಿಗೆ ಅನ್ವಯಿಸದೆಂದು ನಾನು ಎಲ್ಲಿಯೂ ಓದಿಲ್ಲ. ಕುಟುಂಬಗಳಿಗೂ ಇದೇ ಮಾತು. ಮಗಳ ಮದುವೆಯ ಸೀರೆಗಳನ್ನು ಬೆಂಗಳೂರಿನಲ್ಲಿ ರೊಕ್ಕ ಕೊಟ್ಟು ಕೊಂಡವರು, ಮರುದಿನ ಊರಿನ ದರ್ಜಿಗೆ ಕುಪ್ಪಸದ ಮಜೂರಿಯನ್ನು ಮುಂದಿನ ತಿಂಗಳು ಕೊಡುತ್ತೇನೆನ್ನುವುದನ್ನು ಕೇಳಿದ್ದೇನೆ.

ಊರಿನ ಅಂಗಡಿಯೆಂಬ ಕಾರಣಕ್ಕೆ ಕಳಪೆ ಮಾಲನ್ನು ಸಹಿಸಬೇಕಾಗಿಲ್ಲ. ಬೆಲೆ ವಿಚಾರಿಸಿ, ತೂಕ ನೋಡಿ, ತಪ್ಪಿದ್ದರೆ ಮುಖಕ್ಕೇ ಹೇಳಿ. ಬೇರೆಡೆಗೆ ಹೋಗುವ ಮೊದಲು ಒಮ್ಮೆ ಹೇಳಿ. ನಮ್ಮ ಅಂಗಡಿಗಳವರೂ ಬದಲಾಗಬೇಕಾದುದು ಬಹಳವಿದೆ. ಉದ್ರಿಯ ಪುಟವನ್ನು ಗಿರಾಕಿಗೆ ತೋರಿಸದೆ ಮುಚ್ಚಿಡುವ ಅಭ್ಯಾಸ ಇನ್ನೂ ಕೆಲವೆಡೆ ಇದೆ.

ಮುಂದಿನ ಅಕ್ಷಯತೃತೀಯೆಯ ನಂತರ ನಾನು ಸದಸ್ಯನಾಗಿರುವ ಸಮಿತಿಯ ಮುಂದೆ ಐದು ಮಳಿಗೆಗಳ ಕರಾರು ಬರಲಿದೆ. ಹರಾಜಿನ ಪರವಾಗಿ ಇಬ್ಬರು ಹಿರಿಯರು ಈಗಾಗಲೇ ಮಾತನಾಡಿದ್ದಾರೆ. ಅವರ ಪ್ರಾಮಾಣಿಕತೆಯಲ್ಲಿ ನನಗೆ ಸಂದೇಹವಿಲ್ಲ. ನಾನು ಮೇಲೆ ಹೇಳಿದ ಮೂರು ಷರತ್ತುಗಳ ಕರಡನ್ನು ಒಯ್ಯುತ್ತೇನೆ. ಉತ್ಸವದ ಬಿಲ್ಲುಗಳು ಮೂವತ್ತು ದಿನಗಳೊಳಗೆ ತೀರಬೇಕೆಂಬ ಠರಾವನ್ನೂ ಮಂಡಿಸುತ್ತೇನೆ. ಸಭೆಗೆ ಹೋಗುವ ಮೊದಲು ಆ ಇಬ್ಬರನ್ನೂ ಕರೆದುಕೊಂಡು ಒಮ್ಮೆ ಮುಳ್ಳೂರಿಗೆ ಹೋಗಿಬರಬೇಕೆಂದಿದ್ದೇನೆ. ಶನಿವಾರ ಹೊರಟರೆ ಸಂತೆಯನ್ನೂ ನೋಡಬಹುದು.